ಬ್ರಾಕೆಟ್ಟಿನೊಳಗೆ ಕೂರಿಸಿದ ಅಜ್ಜನನ್ನು ಹೊರಗೆ ಕರೆಯಿರಿ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಪತ್ರಿಕೋದ್ಯಮ ಮತ್ತು ಸಿನಿಮಾ ಅಧ್ಯಯನ ಓದುತ್ತಿದ್ದೇನೆ. ಇದು ಕೊನೆಯ ಸೆಮಿಸ್ಟರ್. ಫೈನಲ್ ಪ್ರಾಜೆಕ್ಟಿಗೆ 15ರಿಂದ 20 ನಿಮಿಷದ ಡಾಕ್ಯುಮೆಂಟರಿ ಮಾಡಬೇಕು. ಜೊತೆಗೆ ವರದಿ, ವೈವಾ ಇವೆ. ನಮ್ಮ ವಿಷಯ ‘ದಾವಣಗೆರೆಯ ಹತ್ತಿ ಗಿರಣಿಗಳು: ನಿನ್ನೆ, ಇಂದು, ನಾಳೆ’. ಒಂಬತ್ತು ಜನರನ್ನು ಮಾತಾಡಿಸಿದ್ದೇವೆ, 11 ಗಂಟೆ ಫುಟೇಜ್ ಇದೆ. ಕೂತು ನೋಡಿದರೆ ಬರೀ ಮಾತು. ಗಿರಣಿಗಳು ಮುಚ್ಚಿವೆ, ತೋರಿಸಲು ಏನೂ ಇಲ್ಲ. ಆಡಿಯೊ ಅರ್ಧಕ್ಕರ್ಧ ಕೆಟ್ಟಿದೆ. ಗೈಡ್ ಸರ್ ‘ಇದರಲ್ಲಿ ರಿಸರ್ಚ್ ಎಲ್ಲಿದೆ?’ ಅಂತಾರೆ. ಮೂವರ ತಂಡದಲ್ಲಿ ಒಬ್ಬ ಫೋನೇ ಎತ್ತುತ್ತಿಲ್ಲ. ಉಳಿದಿರುವುದು ಏಳು ವಾರ. ವಿಷಯ ಬದಲಿಸಿ ಬೆಣ್ಣೆ ದೋಸೆ ಮೇಲೆ ಮಾಡೋಣ ಅಂತ ಗೆಳತಿ ಹೇಳುತ್ತಾಳೆ. ಹಳೆ ಮಿಲ್ಲಿನ ಚಿತ್ರಗಳನ್ನು ಎಐನಿಂದ ಮಾಡಿಸಬಹುದಾ? ಊರಿನ ಡ್ರೋನ್ ಶಾಟ್ ಬೇಕೇ ಬೇಕಾ? (ನಮ್ಮ ಅಜ್ಜನೂ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಈಗ ಅವರಿಗೆ ಕಿವಿ ಕೇಳಲ್ಲ. ಅದಕ್ಕೆ ಅವರ ಸಂದರ್ಶನ ಮಾಡಿಲ್ಲ.)

ಉತ್ತರ: ಇಷ್ಟುದ್ದದ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಬ್ರಾಕೆಟ್ಟು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕಾರ್ಖಾನೆ ನಿಯಮಗಳು 8 ಗಂಟೆಯ ಪಾಳಿಗೆ 90 ಡೆಸಿಬೆಲ್ ಸದ್ದು ಅಂತ ಮಿತಿ ಹಾಕಿವೆ. ಸಾಲುಸಾಲು ಮಗ್ಗಗಳು ಒಟ್ಟಿಗೆ ಓಡುವ ಶೆಡ್ಡು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಅಲ್ಲಿ ಪಕ್ಕದವರಿಗೆ ಏನಾದರೂ ಹೇಳಬೇಕೆಂದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಹತ್ತಾರು ವರ್ಷ ಹಾಗೆ ದುಡಿದವರ ಕಿವಿ ಮಂದವಾಗುವುದು ಬೇರೆ ಬೇರೆ ದೇಶಗಳ ಗಿರಣಿ ಊರುಗಳಲ್ಲೂ ಕಂಡ ಸಂಗತಿ. ‘ತೋರಿಸಲು ಏನೂ ಇಲ್ಲ’ ಅಂತೀರಿ. ಗಿರಣಿಯಿಂದ ಉಳಿದದ್ದು ನಿಮ್ಮ ಮನೆಯ ಪಡಸಾಲೆಯಲ್ಲೇ ಕೂತಿದೆ. ನೀವು ಅದನ್ನು ಬಿಟ್ಟು ಊರೆಲ್ಲ ಸುತ್ತಿ ಬಂದಿದ್ದೀರಿ.

ಒಂದು ಎಚ್ಚರಿಕೆ. ಅಜ್ಜನ ಕಿವಿ ಹೋಗಿದ್ದು ಮಗ್ಗದಿಂದಲೇ ಅಂತ ನೀವು ಚಿತ್ರದಲ್ಲಿ ತೀರ್ಪು ಕೊಡಬಾರದು. ವಯಸ್ಸಾದರೂ ಕಿವಿ ಹೋಗುತ್ತದೆ. ಅವರೇ ಏನು ಹೇಳುತ್ತಾರೋ ಅದನ್ನು ಹೇಳಲಿ. ಅಜ್ಜಿ ಇದ್ದರೆ ಅವರೂ ಹೇಳಲಿ. ನೋಡುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಕಿವಿ ಕೇಳದವರನ್ನು ಸಂದರ್ಶನ ಮಾಡುವುದು ಹೇಗೆ? ಒಂದು ಸ್ಲೇಟು, ಒಂದು ಬಳಪ ತನ್ನಿ. ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಬರೆದು ತೋರಿಸಿ. ನೀವು ಬರೆಯುವ ಕೈ, ಅವರು ಕಣ್ಣು ಕಿರಿದಾಗಿಸಿ ಓದುವುದು, ಉತ್ತರಕ್ಕೆ ಮುಂಚಿನ ಆ ಮೌನ ಎಲ್ಲವೂ ಚಿತ್ರವೇ. ಒಂಬತ್ತು ಜನರ ಮುಖದ ಮುಂದೆ ಮೈಕ್ ಹಿಡಿದರೂ ಇದು ಸಿಗುವುದಿಲ್ಲ. ‘ಮಗ್ಗ ಓಡುವಾಗ ಗೆಳೆಯನನ್ನು ಹೇಗೆ ಕರೆಯುತ್ತಿದ್ದಿರಿ, ಮಾಡಿ ತೋರಿಸಿ’ ಅಂತ ಬರೆದು ನೋಡಿ. ‘ದಾರ ಕಡಿದರೆ ಗಂಟು ಹೇಗೆ ಹಾಕುತ್ತಿದ್ದಿರಿ?’ ಅಂತ ಕೇಳಿ, ಕೈಗೆ ಒಂದು ನೂಲು ಕೊಡಿ. ಬಾಯಿ ಮರೆತದ್ದನ್ನು ಎಷ್ಟೋ ಸಲ ಕೈ ನೆನಪಿಟ್ಟಿರುತ್ತದೆ. ಅವರು ಯಾವ ಯಂತ್ರಕ್ಕೆ ಯಾವ ಹೆಸರು ಹೇಳುತ್ತಾರೋ ಅದನ್ನೇ ಬಳಸಿ, ಪುಸ್ತಕದ ಹೆಸರಿಗೆ ತಿದ್ದಬೇಡಿ.

ಬೆಳಿಗ್ಗೆ ತಿಂಡಿ ಆದ ಮೇಲೆ 40 ನಿಮಿಷ ಸಾಕು. ದಣಿದರೆ ನಿಲ್ಲಿಸಿ, ಮಾರನೆ ದಿನ ಮತ್ತೆ ಕೂರಿ. ಮೊಮ್ಮಗಳು ಅನ್ನುವ ಸಲಿಗೆ ಇದೆ ಅಂತ ಒಪ್ಪಿಗೆ ಕೇಳದೆ ಶುರು ಮಾಡಬೇಡಿ. ಇದನ್ನು ಕಾಲೇಜಿನಲ್ಲಿ ತೋರಿಸುತ್ತೇವೆ, ಆಮೇಲೆ ಯೂಟ್ಯೂಬಿಗೂ ಹಾಕಬಹುದು ಅಂತ ಬರೆದು ತೋರಿಸಿ ಸಹಿ ಹಾಕಿಸಿಕೊಳ್ಳಿ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಹಳೆಯ ಒಂಬತ್ತು ಜನರಿಂದಲೂ ತೆಗೆದುಕೊಂಡಿಲ್ಲವಾದರೆ, ಯಾರನ್ನು ಚಿತ್ರದಲ್ಲಿ ಇಟ್ಟುಕೊಳ್ಳುತ್ತೀರೋ ಅವರಿಂದ ಈ ವಾರವೇ ತೆಗೆದುಕೊಳ್ಳಿ.

ಇನ್ನು ವಿಷಯ ಬದಲಿಸುವ ಮಾತು. ಬೇಡ. ಬೆಣ್ಣೆ ದೋಸೆ ಮೇಲೆ ನನಗೇನೂ ಸಿಟ್ಟಿಲ್ಲ, ದಾವಣಗೆರೆಗೆ ಬಂದಾಗಲೆಲ್ಲ ಎರಡು ತಿಂದೇ ಹೋಗುವವಳು ನಾನು. ಆದರೆ ಕಾವಲಿ ಮೇಲೆ ಬೆಣ್ಣೆ ಕರಗುವುದನ್ನು ತೋರಿಸಿದ ಮೇಲೆ ಎರಡನೇ ನಿಮಿಷದಲ್ಲಿ ಏನು ತೋರಿಸುತ್ತೀರಿ? ಏಳು ವಾರದಲ್ಲಿ ಹೊಸ ವಿಷಯ ಅಂದರೆ ಹೊಸ ಪರಿಚಯ, ಹೊಸ ಒಪ್ಪಿಗೆ, ಮತ್ತೆ ಅದೇ ತಪ್ಪುಗಳು. ವಿಷಯ ಅದೇ ಇರಲಿ, ಅದರ ಗಾತ್ರ ಇಳಿಸಿ. ‘ನಿನ್ನೆ, ಇಂದು, ನಾಳೆ’ ಅನ್ನುವುದು ಭಾಷಣ ಸ್ಪರ್ಧೆಯ ತಲೆಬರಹ. 20 ನಿಮಿಷದಲ್ಲಿ ಯಾರಿಂದಲೂ ಆಗದ ಕೆಲಸ ಅದು. ‘ಮಿಲ್ಲಿನ ಸದ್ದು ನಿಂತ ಮೇಲೆ ನಮ್ಮ ಮನೆಯಲ್ಲಿ ಏನು ಉಳಿಯಿತು?’ ಅನ್ನುವುದು ನಿಮ್ಮಿಂದ ಆಗುವ ಕೆಲಸ. ಊರಿನ ಕಥೆ ಅದರೊಳಗೆ ತಾನಾಗಿ ಬರುತ್ತದೆ.

ಈ ಮಾತು ಹೇಳಲು ನನಗೆ ಹಕ್ಕಿದೆ. ನನ್ನ ಕೊನೆಯ ವರ್ಷದ ಪ್ರಾಜೆಕ್ಟು ಚಿತ್ರದುರ್ಗದ ಕೋಟೆ. ಏಳು ಸುತ್ತಿನ ಕೋಟೆಯನ್ನು ಪೂರ್ತಿ, ಅಂದರೆ ಇತಿಹಾಸ, ನೀರಿನ ವ್ಯವಸ್ಥೆ, ಓಬವ್ವ, ಪ್ರವಾಸೋದ್ಯಮ ಎಲ್ಲವನ್ನೂ 25 ನಿಮಿಷದಲ್ಲಿ ತುಂಬುವ ಹುಮ್ಮಸ್ಸು. ಮೊದಲ ದಿನ ಟ್ರೈಪಾಡ್ ಹೊತ್ತುಕೊಂಡು ಹೋಗಿ ಗೇಟಿನಲ್ಲೇ ನಿಂತೆವು. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಮೊದಲೇ ಅನುಮತಿ ತರಬೇಕಿತ್ತು, ತಪ್ಪು ನಮ್ಮದೇ. ಅನುಮತಿ ಸಿಕ್ಕ ಮೇಲೆ ಮೂರು ದಿನ ಶೂಟ್ ಮಾಡಿದೆವು. ದುರ್ಗದ ಗುಡ್ಡಗಳ ಮೇಲೆ ಗಾಳಿ ಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಂತ ಗೊತ್ತಾಗಿದ್ದು ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡಾಗ. ಕೋಟೆ ತೋರಿಸುವ ಗೈಡ್ ಹೇಳಿದ ಒಂದು ಮಾತೂ ಕೇಳುತ್ತಿರಲಿಲ್ಲ, ಪೂರ್ತಿ ಗಾಳಿಯ ಬುಸುಬುಸು. ಮೈಕಿಗೆ ಹಾಕುವ ತುಪ್ಪಳದ ಟೋಪಿ ಆಗ ನಾನು ನೋಡಿಯೇ ಇರಲಿಲ್ಲ. ಕೊನೆಗೆ ಸಲ್ಲಿಸಿದ್ದು ಕೋಟೆಯ ಬಾಗಿಲಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಂಗಸಿನ 12 ನಿಮಿಷ. ಅವರ ಮಾತು ಮಾತ್ರ ಗೋಡೆಯ ಮರೆಯಲ್ಲಿ ಚೆನ್ನಾಗಿ ದಾಖಲಾಗಿತ್ತು.

ನಿಮ್ಮ ಆಡಿಯೊಗೆ ಬರೋಣ. ಮೊದಲು ಒಂದು ದಿನ ಕೂತು ಎಲ್ಲವನ್ನೂ ಹೆಡ್‌ಫೋನ್ ಹಾಕಿ ಕೇಳಿ. ಫ್ಯಾನಿನ ಗುಂಯ್ ಅನ್ನುವ ಸದ್ದು ಒಂದೇ ಸಮ ಇದ್ದರೆ ಸಾಫ್ಟ್‌ವೇರಿನಲ್ಲಿ ಬಹುಪಾಲು ತೆಗೆಯಬಹುದು. ಮಾತಿನ ಮೇಲೆಯೇ ರೈಲಿನ ಹಾರ್ನ್ ಬಂದಿದ್ದರೆ, ಮತ್ತು ಅಶೋಕ ಟಾಕೀಸ್ ಹತ್ತಿರದ ಹಳಿ ಪಕ್ಕ ಶೂಟ್ ಮಾಡಿದ್ದರೆ ಖಂಡಿತ ಬಂದಿರುತ್ತದೆ, ಅದನ್ನು ಪ್ರೋಗ್ರಾಮಿನಿಂದ ಉಳಿಸುವುದು ಕಷ್ಟ. ಜೋರು ಮಾತಿಗೆ ರೆಕಾರ್ಡಿಂಗಿನ ಲೆವೆಲ್ ಮಿತಿ ದಾಟಿ ದನಿ ಹರಿದು ಕರಕರ ಅನ್ನುವುದೂ ಅಷ್ಟೆ, ಪೂರ್ತಿ ಸರಿಹೋಗಲ್ಲ. ಗಿರಣಿಯವರ ವಿಷಯದಲ್ಲಿ ಇದು ಜಾಸ್ತಿ. ಜೀವಮಾನವಿಡೀ ಯಂತ್ರದ ಸದ್ದಿನ ಮೇಲೆ ಕೂಗಿ ಮಾತಾಡಿದವರು ‘ಒಂದು, ಎರಡು, ಮೂರು’ ಅಂತ ಟೆಸ್ಟಿಗೆ ಮೆಲ್ಲಗೆ ಹೇಳುತ್ತಾರೆ, ಕಥೆ ಶುರುವಾದ ಕೂಡಲೇ ದನಿ ಎರಡು ಪಟ್ಟಾಗುತ್ತದೆ. ಅದಕ್ಕೇ ಲೆವೆಲ್ ನೋಡುವಾಗ ‘ಮೊದಲ ಸಂಬಳ ಎಷ್ಟು?’ ಅಂತ ಕೇಳಿಬಿಡಿ. ಆ ಉತ್ತರದ ಅತಿ ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಡಿ.

ಮಾತು ಒಳ್ಳೆಯದಿದ್ದು ಆಡಿಯೊ ಕೆಟ್ಟಿರುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಮನೆಗೆ ಕ್ಯಾಮೆರಾ ಇಲ್ಲದೆ ಹೋಗಿ. ಬರೀ ದನಿ ರೆಕಾರ್ಡ್ ಮಾಡಿಕೊಳ್ಳಿ. ಫ್ಯಾನ್ ಆಫ್. ಫ್ರಿಜ್ ಇದ್ದರೆ ಅದೂ ಆಫ್. ನಿಮ್ಮ ಗಾಡಿ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ, ಆಗ ಮತ್ತೆ ಆನ್ ಮಾಡುವುದನ್ನು ಮರೆತು ಮನೆಗೆ ಹೋಗಲು ಆಗಲ್ಲ. ಇದು ಸೌಂಡ್‌ನವರ ಹಳೆಯ ಉಪಾಯ. ಗೋಡೆ ಪ್ರತಿಧ್ವನಿ ಕೊಡುತ್ತಿದ್ದರೆ ಎದುರಿಗೆ ಒಂದು ಕೌದಿ ತೂಗುಹಾಕಿ. ಮಾತು ಮುಗಿದ ಮೇಲೆ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತಿನ ತುಂಡುಗಳ ನಡುವೆ ತೇಪೆ ಹಾಕಲು ಅದು ಬೇಕಾಗುತ್ತದೆ.

ನಿಮ್ಮ ಚಿತ್ರದಲ್ಲಂತೂ ಸದ್ದೇ ವಿಷಯ. ಮಿಲ್ಲಿನ ಸೈರನ್ ಯಾವ ಹೊತ್ತಿಗೆ ಕೂಗುತ್ತಿತ್ತು, ಅದಕ್ಕೆ ಮನೆಯಲ್ಲಿ ಏನೇನು ನಡೆಯುತ್ತಿತ್ತು ಅಂತ ಅಜ್ಜಿಯನ್ನು ಕೇಳಿ. ಒಲೆ ಹಚ್ಚುವುದು, ಬುತ್ತಿ ಕಟ್ಟುವುದು, ಮಕ್ಕಳನ್ನು ಸ್ಕೂಲಿಗೆ ಕಳಿಸುವುದು ಎಲ್ಲ ಆ ಕೂಗಿಗೆ ಕಟ್ಟಿಕೊಂಡಿದ್ದಿರಬಹುದು. ಗಿರಣಿಯೊಳಗೆ ಕಾಲಿಡದ ಹೆಂಗಸರಿಗೂ ಗಿರಣಿ ಗೊತ್ತು. ನಿಮ್ಮ ಒಂಬತ್ತು ಸಂದರ್ಶನದಲ್ಲಿ ಹೆಂಗಸರು ಎಷ್ಟು ಜನ ಅಂತ ನೀವು ಬರೆದಿಲ್ಲ. ಎಣಿಸಿ ನೋಡಿ.

ತೋರಿಸಲು ಬೇರೆ ಏನಿದೆ ಅಂತ ಮನೆಗಳ ಟ್ರಂಕಿನಲ್ಲಿ ಹುಡುಕಿ. ಗೇಟ್ ಪಾಸು, ಸಂಬಳದ ಚೀಟಿ, ಪಿಎಫ್ ಕಾಗದ, ಗ್ರಾಚ್ಯುಟಿಗೆ ಬರೆದ ಅರ್ಜಿ, ಯೂನಿಯನ್ ರಸೀದಿ, ಮದುವೆ ಆಲ್ಬಮ್ಮಿನಲ್ಲಿ ಸಾಲಾಗಿ ನಿಂತ ಮಿಲ್ ಗೆಳೆಯರು. ಇವನ್ನು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ಮೇಲಿನಿಂದ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಪಿಎಫ್ ನಂಬರು, ಬ್ಯಾಂಕ್ ನಂಬರು ಕಾಣದಂತೆ ಮುಚ್ಚಿ. ಮುಚ್ಚಿದ ಗಿರಣಿಯ ಗೋಡೆಯನ್ನು ರಸ್ತೆಯಲ್ಲಿ ನಿಂತು ತೆಗೆಯಿರಿ. ಬೀಗ ಬಿದ್ದ ಜಾಗ ಅಂದರೆ ಯಾರದೂ ಅಲ್ಲದ ಜಾಗ ಅಂತ ಅರ್ಥ ಅಲ್ಲ. ಕಾಂಪೌಂಡ್ ಹಾರಬೇಡಿ.

ಎಐ ಚಿತ್ರ ಬೇಡವೇ ಬೇಡ. ಇದರಲ್ಲಿ ನಾನು ಹಳೆ ಕಾಲದವಳು ಅಂದರೂ ಪರವಾಗಿಲ್ಲ. ನಿಜವಾದ ಒಂದು ಗೇಟ್ ಪಾಸಿನ ಪಕ್ಕ ಸುಳ್ಳು ‘ಹಳೆಯ ಫೋಟೊ’ ಇಟ್ಟರೆ ನೋಡುವವರಿಗೆ ಗೇಟ್ ಪಾಸಿನ ಮೇಲೂ ಅನುಮಾನ ಬರುತ್ತದೆ. ಅಹಮದಾಬಾದಿನದೋ ಮುಂಬೈನದೋ ಗಿರಣಿಯ ಫೋಟೊ ತಂದು ದಾವಣಗೆರೆ ಅಂತ ಹಾಕುವುದೂ ಅದೇ ತಪ್ಪು. ಹಾಕಲೇಬೇಕಾದರೆ ಎಲ್ಲಿಯದು ಅಂತ ಪರದೆ ಮೇಲೆ ಬರೆಯಿರಿ. ಡ್ರೋನ್? ನಿಮ್ಮ ಚಿತ್ರಕ್ಕೆ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ಪುಟ್ಟ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಆದರೂ ಎಲ್ಲಿ ಹಾರಿಸಬಹುದು ಅಂತ ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆ ನೋಡಬೇಕು. ಆ ಗೋಜಿಗಿಂತ ಅಜ್ಜನ ಕೈಯ ಒಂದು ಕ್ಲೋಸಪ್ ಸಾಕು.

ಈಗ ಗೈಡ್ ಸರ್ ಪ್ರಶ್ನೆ. ಅವರು ಕೇಳಿದ್ದು ಸರಿ ಇದೆ. ರಿಸರ್ಚ್ ಅಂದರೆ ಇಂಟರ್‌ನೆಟ್ಟಿನಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ನಾಲ್ಕು ಸಾಲು ಇಳಿಸುವುದಲ್ಲ. ಇಲ್ಲಿ ದಾವಣಗೆರೆಯವರು ಪದೇ ಪದೇ ಎಡವುವ ಒಂದು ಜಾಗ ಇದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಗಿರಣಿಗಳ ಒಳ್ಳೆಯ ಕಾಲವೆಲ್ಲ ಅದಕ್ಕೂ ಹಿಂದಿನದು. ಆ ಕಾಲದ ಸರ್ಕಾರಿ ದಾಖಲೆಗಳಲ್ಲಿ ದಾವಣಗೆರೆ ಜಿಲ್ಲೆ ಅಂತ ಹುಡುಕಿದರೆ ಏನೂ ಸಿಗಲ್ಲ, ಚಿತ್ರದುರ್ಗ ಜಿಲ್ಲೆ ಅಂತ ಹುಡುಕಬೇಕು. 1973ಕ್ಕಿಂತ ಹಿಂದಿನದಾದರೆ ರಾಜ್ಯದ ಹೆಸರೂ ಮೈಸೂರು. ಇಂಗ್ಲಿಷಿನಲ್ಲಂತೂ ಊರಿನ ಹೆಸರಿಗೆ ಎರಡು ಸ್ಪೆಲಿಂಗ್ ಓಡಾಡುತ್ತವೆ, ನಡುವೆ ಒಂದು ‘ಎ’ ಇರುವುದು ಮತ್ತು ಇಲ್ಲದಿರುವುದು. ಎರಡನ್ನೂ ಹಾಕಿ ಹುಡುಕಿ.

ಹಳೆಯ ಚಿತ್ರದುರ್ಗ ಜಿಲ್ಲೆಯ ಗೆಜೆಟಿಯರ್‌ನಲ್ಲಿ, ಅಂದರೆ ಸರ್ಕಾರವೇ ಹೊರತಂದ ಜಿಲ್ಲಾ ವಿವರಗಳ ಪುಸ್ತಕದಲ್ಲಿ, ಕೈಗಾರಿಕೆಗಳ ಅಧ್ಯಾಯ ನೋಡಿ. ಆಮೇಲೆ ಜನಗಣತಿಯ ಜಿಲ್ಲಾ ಕೈಪಿಡಿಗಳು. 1971, 1981, 1991ರವು ಚಿತ್ರದುರ್ಗದ ಹೆಸರಿನಲ್ಲಿವೆ, 2001ರಿಂದ ದಾವಣಗೆರೆ ಹೆಸರು. ಈ ಕೈಪಿಡಿಗಳಲ್ಲಿ ಪಟ್ಟಣಗಳ ಪಟ್ಟಿ ಅಂತ ಒಂದು ಭಾಗ ಇರುತ್ತದೆ. ಪ್ರತಿ ಊರಿನಲ್ಲಿ ತಯಾರಾಗುವ ಮುಖ್ಯ ವಸ್ತುಗಳು ಯಾವುವು ಅಂತ ಅದರಲ್ಲಿ ಕಾಲಂ ಇರುತ್ತದೆ. ದಾವಣಗೆರೆಯ ಸಾಲಿನಲ್ಲಿ ಯಾವ ದಶಕದಲ್ಲಿ ಏನಿದೆ ಅಂತ ನೀವೇ ತೆಗೆದು ನೋಡಿ. ಒಂದು ಪುಟ್ಟ ಕಾಲಂನಲ್ಲಿ ಊರು ಬದಲಾದದ್ದು ಕಾಣಬಹುದು. ಆ ಪುಟದ ಮೇಲೆ ಬೆರಳಾಡಿಸುವ ಒಂದು ಶಾಟ್ ತೆಗೆದುಕೊಳ್ಳಿ, ರಿಸರ್ಚೂ ಆಯಿತು, ದೃಶ್ಯವೂ ಆಯಿತು.

ಚುನಾವಣಾ ಆಯೋಗದ ಹಳೆಯ ಫಲಿತಾಂಶದ ವರದಿಗಳೂ ಪುಕ್ಕಟೆ ಸಿಗುತ್ತವೆ. ಕಾರ್ಮಿಕ ನಾಯಕ ಪಂಪಾಪತಿ 1980ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ದಾವಣಗೆರೆಯ ಶಾಸಕರಾಗಿದ್ದರು. ಈಗಿನ ಹುಡುಗರಿಗೆ ಇದು ಕೇಳಿದರೆ ಆಶ್ಚರ್ಯ. ಕೆಂಪು ಬಾವುಟದ ಊರು ಅಂದರೆ ಏನು ಅಂತ ಅಜ್ಜನಿಗೆ ಸ್ಲೇಟಿನ ಮೇಲೆ ಬರೆದು ಕೇಳಿ. ಇವೆಲ್ಲ ಚಿತ್ರದೊಳಗೆ ಬರಬೇಕಿಲ್ಲ. ವರದಿಯಲ್ಲಿ ಬಂದರೆ ಸಾಕು. ಚಿತ್ರವನ್ನು ಅಂಕಿ-ಅಂಶದಿಂದ ತುಂಬಿ ವರದಿಯನ್ನು ಭಾವನೆಯಿಂದ ತುಂಬುವುದು ವಿದ್ಯಾರ್ಥಿಗಳ ಹಳೆಯ ಚಾಳಿ. ಅದು ತಿರುಗುಮುರುಗು ಆಗಬೇಕು.

ವರದಿಯಲ್ಲಿ ನಿಮ್ಮ ಚಿತ್ರ ಯಾವ ಬಗೆಯದು ಅಂತ ಬರೆಯಬೇಕಾಗುತ್ತದೆ. ಸಿನಿಮಾ ವಿದ್ವಾಂಸ ಬಿಲ್ ನಿಕೋಲ್ಸ್ ಡಾಕ್ಯುಮೆಂಟರಿಗಳಲ್ಲಿ ಮಾಡಿದ ಆರು ಬಗೆಗಳನ್ನು ಕ್ಲಾಸಿನಲ್ಲಿ ಓದಿರುತ್ತೀರಿ. ಸ್ಲೇಟು ಹಿಡಿದು ನೀವೇ ಚೌಕಟ್ಟಿನೊಳಗೆ ಬಂದ ಮೇಲೆ ಅದು ಪಾಲ್ಗೊಳ್ಳುವ ಬಗೆಯ ಡಾಕ್ಯುಮೆಂಟರಿ. ಹಿನ್ನೆಲೆಯಲ್ಲಿ ಗಂಭೀರ ಗಂಡು ದನಿ ಊರಿನ ಇತಿಹಾಸ ಹೇಳುವ ಬಗೆಯನ್ನು ಏಕೆ ಬಿಟ್ಟಿರಿ ಅಂತ ಎರಡು ಪ್ಯಾರಾ ಬರೆಯಿರಿ. ವೈವಾದಲ್ಲಿ ಕೇಳುವುದೇ ಅದು. ಒಂಬತ್ತರಲ್ಲಿ ಆರು ಜನರನ್ನು ಏಕೆ ಕೈಬಿಟ್ಟಿರಿ ಅಂತಲೂ ಕೇಳುತ್ತಾರೆ. ಹೌದು, ಆರು ಜನರನ್ನು ಬಿಡಬೇಕು. ಅಜ್ಜ, ಅಜ್ಜಿ, ಜೊತೆಗೆ ಹಳೆಯವರಲ್ಲಿ ಮೂವರು. ಅದಕ್ಕಿಂತ ಜಾಸ್ತಿ ಮುಖಗಳನ್ನು 18 ನಿಮಿಷ ಹೊರುವುದಿಲ್ಲ. ಬಿಟ್ಟವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳಿ, ಫೋನೂ ಮಾಡಿ.

ಏಳು ವಾರವನ್ನು ಹಿಂದಿನಿಂದ ಎಣಿಸಿ. ಕೊನೆಯ ವಾರ ಖಾಲಿ ಇರಲಿ. ಕರೆಂಟು ಹೋಗುವುದು, ಲ್ಯಾಪ್‌ಟಾಪ್ ಮುನಿಸಿಕೊಳ್ಳುವುದು ಎಲ್ಲ ಆ ವಾರಕ್ಕೇ ಕಾದಿರುತ್ತವೆ. ಅದರ ಹಿಂದಿನ ವಾರ ಸೌಂಡ್, ಸಬ್‌ಟೈಟಲ್, ವರದಿ ತಿದ್ದುವುದು. ಐದನೇ ವಾರದ ಕೊನೆಗೆ ಚಿತ್ರದ ಕತ್ತರಿ ಕೆಲಸ ನಿಲ್ಲಬೇಕು, ಆಮೇಲೆ ಒಂದು ಶಾಟೂ ಅಲುಗಬಾರದು. ಹಾಗಾದರೆ ಅಜ್ಜನ ಶೂಟ್ ಈ ವಾರವೇ ಆಗಬೇಕು. ಉಳಿದ ಮೂವರ ಮಾತನ್ನೂ ಈ ವಾರವೇ ಬರೆದಿಳಿಸಲು ಶುರು ಮಾಡಿ. ಒಂದು ಗಂಟೆ ಮಾತು ಬರೆದಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಫೋನಿನ ವಾಯ್ಸ್ ಟೈಪಿಂಗ್ ಸ್ವಲ್ಪ ನೆರವಾಗಬಹುದು, ಆದರೆ ನಮ್ಮ ಕಡೆಯ ಆಡುಮಾತು ಕೇಳಿದರೆ ಅದು ಏನೇನೋ ಬರೆಯುತ್ತದೆ, ತಿದ್ದಲೇಬೇಕು. ಬರೆದದ್ದನ್ನು ಪ್ರಿಂಟ್ ತೆಗೆದು, ಕತ್ತರಿಸಿ, ನೆಲದ ಮೇಲೆ ಹರವಿ. ಕಂಪ್ಯೂಟರ್ ಮುಟ್ಟುವ ಮುಂಚೆ ಚೀಟಿಗಳನ್ನೇ ಹಿಂದೆಮುಂದೆ ಸರಿಸಿ ಚಿತ್ರ ಕಟ್ಟಿ. ಇದೊಂದು ಸಂಜೆಯ ಕೆಲಸ, ಎಡಿಟಿಂಗ್‌ನಲ್ಲಿ ಒಂದು ವಾರ ಉಳಿಸುತ್ತದೆ.

ಫೋನೆತ್ತದ ಹುಡುಗನ ವಿಷಯವನ್ನು ಈ ವಾರವೇ ಗೈಡ್ ಗಮನಕ್ಕೆ ತನ್ನಿ. ದೂರು ಹೇಳಬೇಡಿ. ಯಾರು ಏನು ಮಾಡಿದರು ಅನ್ನುವ ಒಂದು ಪುಟದ ಪಟ್ಟಿ ಕೊಟ್ಟು, ಉಳಿದ ಕೆಲಸವನ್ನು ಇಬ್ಬರಲ್ಲಿ ಹಂಚಿಕೊಂಡಿದ್ದೇವೆ ಅನ್ನಿ. ಅವನ ಮನೆಯಲ್ಲಿ ಏನಾಗಿದೆಯೋ ಯಾರಿಗೆ ಗೊತ್ತು. ಅವನ ಹತ್ತಿರ ಫುಟೇಜ್ ಇದ್ದರೆ ಮಾತ್ರ ಇವತ್ತೇ ಹೋಗಿ ಕಾಪಿ ಮಾಡಿಕೊಂಡು ಬನ್ನಿ. ಎರಡು ಹಾರ್ಡ್‌ಡಿಸ್ಕ್, ಎರಡು ಬೇರೆ ಮನೆ.

ತಾಂತ್ರಿಕವಾಗಿ ಎರಡು ಮೂರು ಮಾತು ಹೇಳಿಬಿಡುತ್ತೇನೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಶಾಟ್‌ಗಳಲ್ಲಿ ಪಟ್ಟೆಪಟ್ಟೆ ಮಿಣುಕು ಕಾಣುತ್ತಿದೆಯಾ? ನಮ್ಮ ಕರೆಂಟು 50 ಹರ್ಟ್ಸ್. ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿಗೆ ಸೆಟ್ ಆಗಿರುತ್ತವೆ. ಹೊಸ ಶೂಟನ್ನು 25 ಫ್ರೇಮ್, ಶಟರ್ ವೇಗ ಸೆಕೆಂಡಿನ 50ರಲ್ಲಿ ಒಂದು ಭಾಗ ಇಟ್ಟು ಮಾಡಿ, ಮಿಣುಕು ಹೋಗುತ್ತದೆ. ಬೇರೆ ರೆಕಾರ್ಡರಿನ ಆಡಿಯೊ ಬರಬರುತ್ತಾ ತುಟಿಗೆ ಹೊಂದದೆ ಜಾರುತ್ತಿದ್ದರೆ, ಫೋನು ಫ್ರೇಮುಗಳನ್ನು ಒಂದೇ ವೇಗದಲ್ಲಿ ಹಿಡಿದಿಲ್ಲ ಅಂತ ಅನುಮಾನ ಪಡಿ. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಪ್ರೋಗ್ರಾಮಿನಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಂಡು ಆಮೇಲೆ ಎಡಿಟ್ ಮಾಡಿ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಸಾಕು. ಸಿನಿಮಾ ಹಾಡು ಹಾಕಬೇಡಿ. ‘ಏಳು ಸೆಕೆಂಡ್‌ವರೆಗೆ ಹಾಕಬಹುದು’ ಅನ್ನುವುದು ಹಾಸ್ಟೆಲ್ ಕಾನೂನು, 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥದ್ದೇನೂ ಇಲ್ಲ.

ಫೈನಲ್ ಕಾಪಿಯನ್ನು ಪೆನ್‌ಡ್ರೈವಿಗೆ ಹಾಕುವಾಗ ನೆನಪಿಡಿ. ಡ್ರೈವು ಹಳೆಯ ಫ್ಯಾಟ್ 32 ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹತ್ತುವುದಿಲ್ಲ. ಸಲ್ಲಿಸುವ ಎರಡು ದಿನ ಮುಂಚೆ ಡಿಪಾರ್ಟ್‌ಮೆಂಟಿನ ಅದೇ ಕಂಪ್ಯೂಟರು, ಅದೇ ಪ್ರೊಜೆಕ್ಟರು, ಅದೇ ಸ್ಪೀಕರಿನಲ್ಲಿ ಹಾಕಿ ನೋಡಿ.

ಇನ್ನು ಸಬ್‌ಟೈಟಲ್. ಹೊರಗಿನ ಪರೀಕ್ಷಕರಿಗೆ ಅಂತ ಇಂಗ್ಲಿಷಿನದು ಮಾಡುತ್ತೀರಿ, ಮಾಡಿ. ಅದರ ಜೊತೆಗೆ ಕನ್ನಡದ ಇನ್ನೊಂದು ಕಾಪಿ ಮಾಡಿ. ಮೊದಲ ದಿನವೇ ಒಂದು ಸಾಲು ಹಾಕಿ ಪರೀಕ್ಷಿಸಿ. ಕೆಲವು ಎಡಿಟಿಂಗ್ ಪ್ರೋಗ್ರಾಮುಗಳಲ್ಲಿ ನಮ್ಮ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿ, ‘ಅಜ್ಜ’ ಅನ್ನುವುದೇ ಒಡೆದು ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಆದರೂ ಒಡೆದರೆ, ಬೇರೆ ಕಡೆ ಸಾಲು ಬರೆದು ಹಿನ್ನೆಲೆ ಇಲ್ಲದ ಚಿತ್ರವಾಗಿ ತಂದು ಕೂರಿಸಿ. ಒಂದು ಸಲಕ್ಕೆ ಎರಡೇ ಸಾಲು, ಅಕ್ಷರ ಮಾಮೂಲಿಗಿಂತ ದಪ್ಪ. ಪ್ರತಿ ಸಾಲೂ ನಿಮಗೆ ಬೇಕೆನ್ನಿಸಿದ್ದಕ್ಕಿಂತ ಒಂದು ಸೆಕೆಂಡ್ ಜಾಸ್ತಿ ನಿಲ್ಲಲಿ. ಮನೆಯಲ್ಲಿ ಟಿವಿಗೆ ಹಾಕಿದಾಗ ಅಜ್ಜ ಅದನ್ನು ಓದಿಯೇ ನೋಡಬೇಕು.